ಪಡಸಾಲೆಯ ಗೋಡೆಯ ಮೇಲೆ ದುಡಿಮೆಯ ಚಿತ್ರ



ನಮ್ಮ ಕೊಪ್ಪಳ ಸೀಮೆಯ ಯಾವ ಮನೆಯ ಪಡಸಾಲೆಯನ್ನು ಹೊಕ್ಕರೂ ಗೋಡೆಯ ಮೇಲೆ ಮೊದಲು ಕಣ್ಣಿಗೆ ಬೀಳುವವು ಮನೆದೇವರ ಪಟ, ಗವಿಸಿದ್ಧೇಶ್ವರರ ಚಿತ್ರ, ಬಸವಣ್ಣನವರ ಭಾವಚಿತ್ರ, ಅವುಗಳ ಮಗ್ಗುಲಲ್ಲಿ ಗತಿಸಿದ ಹಿರಿಯರ ಹಾರ ಹಾಕಿದ ಫೋಟೋಗಳು. ಇವು ಅಲಂಕಾರಕ್ಕೆಂದು ತೂಗುಹಾಕಿದವುಗಳಲ್ಲ. ಬೆಳಗ್ಗೆ ಎದ್ದೊಡನೆ ಕೈಮುಗಿಯುವುದಕ್ಕಾಗಿ, ಹೊಸಿಲು ದಾಟುವಾಗ ನೆನೆಯುವುದಕ್ಕಾಗಿ ಇರುವಂಥವು. ಗೋಡೆಯ ಶೋಭೆಗೆಂದೇ ಹಣ ಕೊಟ್ಟು ಚಿತ್ರವನ್ನು ತರುವ ರೂಢಿ ನಮ್ಮಲ್ಲಿ ಈಚಿನದು. ಹೊಸದಾಗಿ ಮನೆ ಕಟ್ಟಿಸಿದವರು ಗೃಹಪ್ರವೇಶಕ್ಕೆ ಮುಂಚೆ ಗಂಗಾವತಿಯ ಅಂಗಡಿಗೋ ಹೊಸಪೇಟೆಯ ಅಂಗಡಿಗೋ ಹೋಗಿ, ಓಡುತ್ತಿರುವ ಏಳು ಬಿಳಿಯ ಕುದುರೆಗಳನ್ನೋ, ನಮ್ಮ ಕಣ್ಣು ಎಂದೂ ಕಾಣದ ಯಾವುದೋ ಶೀತದೇಶದ ಜಲಪಾತವನ್ನೋ ಕಟ್ಟು ಹಾಕಿಸಿ ತರುತ್ತಾರೆ. ಈ ಸಾಲಿನಲ್ಲಿ ಈಚೀಚೆಗೆ ಇನ್ನೊಂದು ಬಗೆಯ ಚಿತ್ರವೂ ಮಾರಾಟಕ್ಕೆ ಬಂದಿದೆ. ಪೈರು ಕೊಯ್ಯುವ ಹೆಂಗಸರು, ನೇಗಿಲು ಹೂಡಿದ ರೈತ, ಕಲ್ಲು ಒಡೆಯುವ ಮುದುಕ, ಬಲೆ ಎಳೆಯುವ ಬೆಸ್ತರು, ಹೀಗೆ ಮೈಮುರಿದು ದುಡಿಯುವವರನ್ನು ಇದ್ದುದಿದ್ದಂತೆ ಚಿತ್ರಿಸಿದ ಹಳೆಯ ಪಾಶ್ಚಾತ್ಯ ವರ್ಣಚಿತ್ರಗಳ ಅಚ್ಚಿನ ಪ್ರತಿಗಳು ಅವು. ಇಂಥ ಚಿತ್ರಗಳಿಗೆ ನಮ್ಮ ಪಡಸಾಲೆಯಲ್ಲಿ ಯಾವ ಸ್ಥಾನ ಸಲ್ಲಬೇಕು, ಅವುಗಳಲ್ಲಿ ಒಳ್ಳೆಯದನ್ನು ಆರಿಸುವ ಬಗೆ ಯಾವುದು ಎಂಬ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಅಚ್ಚಿನ ಚಿತ್ರ ನಮ್ಮ ನಾಡಿನ ಸಾಮಾನ್ಯನ ಮನೆಗೆ ಬಂದ ಕಥೆಯನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. 1894ರಲ್ಲಿ ರಾಜಾ ರವಿವರ್ಮನು ಮುಂಬಯಿಯಲ್ಲಿ ಶಿಲಾಮುದ್ರಣಾಲಯವನ್ನು ತೆರೆದ ಮೇಲೆ, ಅರಮನೆಯ ಭಿತ್ತಿಗಳಿಗೆ ಮಾತ್ರ ಮೀಸಲಾಗಿದ್ದ ಲಕ್ಷ್ಮೀ ಸರಸ್ವತಿಯರ ತೈಲವರ್ಣದ ರೂಪಗಳು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನಂತೆ ಅನೇಕ ಕಲ್ಲುಗಳ ಅಚ್ಚಿನಲ್ಲಿ ಮೈದಾಳಿ, ಬಡವರ ಮಣ್ಣುಗೋಡೆಯನ್ನೂ ಸೇರಿದವು. ಆ ಪರಂಪರೆಯನ್ನು ನಮ್ಮ ಕಲಬುರಗಿಯ ಎಸ್. ಎಂ. ಪಂಡಿತರು (1916–1993) ತಮ್ಮ ಪುರಾಣಚಿತ್ರಗಳಿಂದ ಮುಂದುವರಿಸಿದರು. ಶಿವಕಾಶಿಯ ಅಚ್ಚುಕೂಟಗಳು ಕ್ಯಾಲೆಂಡರಿನ ರೂಪದಲ್ಲಿ ಅದನ್ನು ಕಿರಾಣಿ ಅಂಗಡಿಯವರೆಗೂ ಮುಟ್ಟಿಸಿದವು. ಇದೊಂದು ದೊಡ್ಡ ಉಪಕಾರವೇ ಸರಿ. ಆದರೆ ಆ ಕಲ್ಲುಗಳ ಮೇಲೆ ದೇವತೆಗಳು ಮೂಡಿದಷ್ಟು ಧಾರಾಳವಾಗಿ ದುಡಿಯುವ ಮನುಷ್ಯನು ಮೂಡಲಿಲ್ಲ.

ಕಾಯಕವೇ ಪೂಜೆಯೆಂದು ಸಾರಿದ ನಾಡಿನಲ್ಲಿ ಹೀಗಾದುದು ಸೋಜಿಗ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳಲ್ಲಿಯೇ ಅವರ ಕಸುಬು ಉಂಟು: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ. ಇವರ ಪಟಗಳು ನಮ್ಮ ಮಠಗಳಲ್ಲಿಯೂ ಮನೆಗಳಲ್ಲಿಯೂ ಇವೆ, ನಿಜ. ಆದರೆ ಅವುಗಳಲ್ಲಿ ಚೌಡಯ್ಯನ ಕೈಯ ಹುಟ್ಟು, ಮಾರಯ್ಯನ ಕಟ್ಟಿಗೆಯ ಹೊರೆ ಇವು ಗುರುತಿನ ಚಿಹ್ನೆಗಳಾಗಿ ನಿಂತಿರುತ್ತವೆಯೇ ಹೊರತು, ಹೊಳೆಯ ಸೆಳವಿಗೆ ಎದುರಾಗಿ ಹುಟ್ಟು ಹಾಕಿದ ತೋಳು ಹೇಗೆ ಬಿಗಿಯುತ್ತದೆ, ಹಸಿಕಟ್ಟಿಗೆಯ ಹೊರೆ ಹೊತ್ತ ಕತ್ತು ಎಷ್ಟು ಕುಸಿಯುತ್ತದೆ ಎಂಬುದನ್ನು ಚಿತ್ರಗಾರನು ಹೇಳುವುದಿಲ್ಲ. ತಲೆಯ ಹಿಂದೆ ಪ್ರಭೆಯನ್ನು ಬರೆದವನು ಅಂಗೈಯ ಗಂಟನ್ನು ಬರೆಯಲು ಮರೆತನೆಂದು ನನಗೆ ಅನೇಕ ವೇಳೆ ಅನ್ನಿಸಿದೆ. ಅಂಥ ಗಂಟೂ ಪೂಜ್ಯವೇ ಎಂದಲ್ಲವೆ ಆ ಮಹನೀಯರು ಹೇಳಿದ್ದು?

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ತಾವೆಲ್ಲ ಬಲ್ಲಿರಿ. ನಮಗೆ ಮಗ್ಗುಲಲ್ಲೇ ಇರುವ, ಲಿಂಗಸುಗೂರು ಸೀಮೆಯ ಅಮರೇಶ್ವರದವರು ಆಕೆಯೂ ಆಕೆಯ ಗಂಡ ಆಯ್ದಕ್ಕಿ ಮಾರಯ್ಯನೂ ಎಂದು ಪ್ರತೀತಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಕೇಳಿ ಬೆಳೆದ ಕಣ್ಣಿಗೆ, ಫ್ರೆಂಚ್ ಚಿತ್ರಕಾರ ಝಾಂ ಫ್ರಾಂಸ್ವಾ ಮಿಲೆ 1857ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿಟ್ಟ, ಹಕ್ಕಲು ಆಯುವ ಮೂವರು ಹೆಂಗಸರ ಚಿತ್ರವು ಪರದೇಶದ್ದೆಂದು ತೋರುವುದೇ ಇಲ್ಲ. ಸುಮಾರು 84 ಸೆಂಟಿಮೀಟರ್ ಎತ್ತರ, 110 ಸೆಂಟಿಮೀಟರ್ ಅಗಲದ ಆ ಚಿತ್ರದಲ್ಲಿ ಸುಗ್ಗಿ ಮುಗಿದ ಗೋದಿಯ ಹೊಲ. ಮುಂದುಗಡೆ, ನೆಲದ ಬಣ್ಣಕ್ಕೇ ಹೊಂದಿಕೊಂಡ ಒರಟು ಬಟ್ಟೆಯ ಮೂವರು. ಇಬ್ಬರು ನಡು ಪೂರಾ ಬಗ್ಗಿಸಿ ಕೂಳೆಯ ನಡುವೆ ಬಿದ್ದ ತೆನೆಗೆ ಕೈಚಾಚಿದ್ದಾರೆ. ಅವರಲ್ಲಿ ಒಬ್ಬಾಕೆಯ ಎಡಗೈ ಬೆನ್ನ ಮೇಲಿದೆ, ಆ ಮುಷ್ಟಿಯಲ್ಲಿ ಅದುವರೆಗೆ ಆಯ್ದ ತೆನೆಗಳು. ಮೂರನೆಯವಳು ಅರ್ಧ ಮಾತ್ರ ಬಾಗಿದ್ದಾಳೆ. ಬಹುದೂರದಲ್ಲಿ, ಬಿಸಿಲು ಹೊನ್ನಾಗಿ ಬಿದ್ದ ಕಡೆ, ಒಡೆಯನ ಬಣವೆಗಳು, ತುಂಬಿದ ಬಂಡಿ, ಕುದುರೆಯ ಮೇಲೆ ಕುಳಿತು ಆಳುಗಳ ಮೇಲೆ ನಿಗಾ ಇಟ್ಟಿರುವವನೊಬ್ಬ. ಬೆಳಕೆಲ್ಲ ಬಣವೆಯ ಮೇಲೆ, ನೆರಳೆಲ್ಲ ಹಕ್ಕಲಾಯುವವರ ಮುಖದ ಮೇಲೆ. 1848ರ ದಂಗೆಯ ನೆನಪು ಇನ್ನೂ ಆರದಿದ್ದ ಪ್ಯಾರಿಸಿನ ಕೆಲವು ವಿಮರ್ಶಕರು ಈ ಮೂವರು ಬಡ ಹೆಂಗಸರ ಬೆನ್ನ ಹಿಂದೆ ಕ್ರಾಂತಿಯ ನೆರಳನ್ನೇ ಕಂಡು ಬೆಚ್ಚಿದರು. ಮಿಲೆ ರೈತನ ಮಗ. ಯಾರನ್ನೂ ಬೆಚ್ಚಿಸುವುದಕ್ಕಾಗಿ ಬರೆದವನಲ್ಲ, ತಾನು ಎಳವೆಯಲ್ಲಿ ಹೊಲದಲ್ಲಿ ಕಂಡುದನ್ನು ಬರೆದವನು.

ಈ ಚಿತ್ರದ ಒಂದು ಪ್ರತಿ ನಮ್ಮ ಪಡಸಾಲೆಯಲ್ಲಿ ಬಹುಕಾಲದಿಂದ ಇದೆ. ಗಂಗಾವತಿಯ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ, ವರ್ಷದ ಎರಡು ಬೆಳೆಗೂ ನೆಲ್ಲು ಹಚ್ಚುವ ಕೂಲಿಗೆ ಹೋಗುವ ಹಿರಿಯ ಹೆಂಗಸೊಬ್ಬಳು ಒಮ್ಮೆ ಅದರ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಹೇಳಿದಳು: “ಇವರು ಹಕ್ಕಲಾ ಆರಿಸಾಕತ್ತಾರಲ್ರೀ ಯಪ್ಪಾರ. ಈ ಕಡೀ ಹೆಣಮಗಳದು ನಡಾ ಹಿಡದೈತಿ ನೋಡ್ರಿ, ಅದಕ ಅರ್ಧಾ ಎದ್ದಾಳ. ಅಲ್ಲಿ ಕುದರಿ ಮ್ಯಾಲ ಕುಂತಾವ ಊರ ಗೌಡೇನ್ರಿ?” ಅನಂತರ ಕೇಳಿದಳು: “ಯಾ ಊರಾಗಿನವರ್ರೀ ಇವರು?” ದೂರದೇಶದವರೆಂದು ನಾನು ಹೇಳಿದಾಗ ಅವಳಿಗೆ ಅಷ್ಟಾಗಿ ನಂಬಿಕೆ ಹುಟ್ಟಿದಂತೆ ಕಾಣಲಿಲ್ಲ. ಮೂರನೆಯವಳು ಏಕೆ ಅರ್ಧ ಮಾತ್ರ ಬಾಗಿದ್ದಾಳೆಂಬ ವಿಷಯವಾಗಿ ನಾನು ಓದಿದ ವಿವರಣೆಗಳಲ್ಲಿ ಚಿತ್ರದ ರೇಖಾವಿನ್ಯಾಸದ ಮಾತಿತ್ತು, ಸಮತೂಕದ ಮಾತಿತ್ತು. ನಡು ಹಿಡಿದುದರ ಮಾತು ಇರಲಿಲ್ಲ. ದುಡಿಮೆಯ ಚಿತ್ರವನ್ನು ಕೊಳ್ಳುವವನಿಗೆ ನಾನು ಕೊಡಬಲ್ಲ ಒರೆಗಲ್ಲು ಇದೊಂದೇ. ಆ ಕೆಲಸವನ್ನು ಮಾಡಿದವರು ಆ ಚಿತ್ರದ ಮುಂದೆ ನಿಂತು, ಹೌದು, ಇದು ಹೀಗೆಯೇ, ಎಂದು ತಲೆಯಾಡಿಸಬೇಕು. ಅವರಿಗೆ ಸುಳ್ಳೆಂದು ತೋರುವ ಚಿತ್ರವು ಎಷ್ಟೇ ಮನೋಹರವಾಗಿದ್ದರೂ ಗೋಡೆಗೆ ತಕ್ಕುದಲ್ಲ.

ಈ ಮಾತಿಗೆ ಕಾರಣವಿದೆ. ಪೇಟೆಯಲ್ಲಿ ಹಳ್ಳಿಯ ಬದುಕೆಂಬ ಹೆಸರಿನಲ್ಲಿ ದೊರೆಯುವ ಬಹುತರ ಚಿತ್ರಗಳಲ್ಲಿ ನಾಟಿಯ ಹೆಂಗಸಿನ ಕಾಲಿಗೆ ಕೆಸರೇ ತಾಗಿರುವುದಿಲ್ಲ. ಸೀರೆಯ ನಿರಿಗೆ ಕೆಡದೆ, ಹೂವು ಬಾಡದೆ, ಅವಳು ನಮ್ಮತ್ತ ತಿರುಗಿ ನಗುತ್ತಿರುತ್ತಾಳೆ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಮಳೆಗಾಲದ ನಾಟಿಯನ್ನು ಕಣ್ಣಾರೆ ಕಂಡವರು ಹೇಳಲಿ, ಅದು ಹಾಗಿದೆಯೆ? ಸೀರೆಯನ್ನು ಮೊಣಕಾಲಿಗೆ ಏರಿಸಿ ಕಚ್ಚೆ ಬಿಗಿದು, ಮೀನಖಂಡದವರೆಗೂ ಕೆಸರಿನಲ್ಲಿ ಹೂತು, ಸಾಲಾಗಿ ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಸಾಗುವ ಆ ಹೆಂಗಸರ ಎಡಗೈಯಲ್ಲಿ ಸಸಿಯ ಹಿಡಿ. ಬಲಗೈಯ ಹೆಬ್ಬೆರಳು ಎರಡು ಮೂರು ಸಸಿಗಳನ್ನು ಬಿಡಿಸಿಕೊಂಡು ಕೆಸರಿಗೆ ಒತ್ತುವಷ್ಟರಲ್ಲಿ ಕಣ್ಣು ಮುಂದಿನ ಜಾಗಕ್ಕೆ ಹೋಗಿರುತ್ತದೆ. ಇಡೀ ದಿನ ನೀರಿನಲ್ಲಿ ನೆನೆದು ಉಗುರಿನ ಸಂದಿ ಹುಣ್ಣಾಗುತ್ತದೆ. ತಲೆಯೆತ್ತಿ ನಗುವುದಕ್ಕೆ ಆ ಕೆಲಸದಲ್ಲಿ ಬಿಡುವಿಲ್ಲ. ನಗು ಇರುವುದಾದರೆ ಅದು ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ. ಬುತ್ತಿಯ ಹೊತ್ತಿನ ನಗುವನ್ನು ಒಬ್ಬನು ಬರೆದರೆ ಅದೂ ಸತ್ಯವೇ. ನಾಟಿಯ ಹೊತ್ತಿಗೆ ಆ ನಗುವನ್ನು ಅಂಟಿಸಿದರೆ ಅಲ್ಲ.

ಮಿಲೆಗಿಂತಲೂ ಕಠೋರವಾಗಿ ಸತ್ಯವನ್ನು ಹೇಳಿದವನು ಅವನ ಸಮಕಾಲೀನ ಗುಸ್ತಾವ್ ಕೂರ್ಬೆ. 1849ರಲ್ಲಿ ಅವನು ಬರೆದ, ಕಲ್ಲು ಒಡೆಯುವವರ ಚಿತ್ರದಲ್ಲಿ ಇಬ್ಬರೇ ಇದ್ದಾರೆ. ಮೊಣಕಾಲೂರಿ ಸುತ್ತಿಗೆ ಎತ್ತಿದ ಮುದುಕ; ಜಲ್ಲಿಯ ಬುಟ್ಟಿಯನ್ನು ತೊಡೆಗೆ ಆತು ಎತ್ತುತ್ತಿರುವ ಹುಡುಗ. ಮುದುಕನ ಮುಖವನ್ನು ಟೋಪಿಯ ನೆರಳು ಮುಚ್ಚಿದೆ. ಹುಡುಗನು ನಮಗೆ ಬೆನ್ನು ತಿರುಗಿಸಿದ್ದಾನೆ. ಅವರ ಮುಖ ನಮಗೆ ಸಿಗದು. ಹುಡುಗನು ಮುಂದೆ ಆ ಮುದುಕನೇ ಆಗುವನು ಎಂಬ ಭೀತಿ ಚಿತ್ರವನ್ನು ನೋಡುವವನ ಮನಸ್ಸಿನಲ್ಲಿ ತಾನಾಗಿ ಹುಟ್ಟುತ್ತದೆ. ಕುಷ್ಟಗಿಯಿಂದ ಇಳಕಲ್ಲಿನವರೆಗೆ ಹಬ್ಬಿದ ಕೆಂಪುಗಲ್ಲಿನ ಕ್ವಾರಿಗಳ ಹಾದಿಯಲ್ಲಿ ಓಡಾಡಿದವರಿಗೆ ಈ ಇಬ್ಬರ ಪರಿಚಯ ಮಾಡಿಕೊಡಬೇಕಾಗಿಲ್ಲ. ಇಂದು ಈ ಮೂಲಚಿತ್ರ ಜಗತ್ತಿನಲ್ಲಿಲ್ಲ. ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, 1945ರಲ್ಲಿ, ಜರ್ಮನಿಯ ಡ್ರೆಸ್ಡೆನ್ ನಗರದ ಸಮೀಪದಲ್ಲಿ ಬಾಂಬಿನ ದಾಳಿಗೆ ಸಿಕ್ಕಿ ಅದು ನಾಶವಾಯಿತು. ಉಳಿದುದು ಅದರ ಛಾಯಾಚಿತ್ರ, ಅದರ ಅಚ್ಚಿನ ಪ್ರತಿ. ಅಚ್ಚಿನ ಚಿತ್ರವೆಂದರೆ ನಕಲು, ಅದಕ್ಕೇನು ಬೆಲೆ ಎಂದು ಮೂಗು ಮುರಿಯುವ ರಸಿಕರು ಈ ಒಂದು ಸಂಗತಿಯನ್ನು ನೆನೆಯಬೇಕು. ವಿನ್ಸೆಂಟ್ ವ್ಯಾನ್‌ಗೋ 1889–90ರಲ್ಲಿ ಸ್ಯಾಂ ರೆಮಿಯ ಚಿಕಿತ್ಸಾಲಯದಲ್ಲಿದ್ದಾಗ ಮಿಲೆಯ ದುಡಿಮೆಯ ಚಿತ್ರಗಳನ್ನು ಬಣ್ಣದಲ್ಲಿ ಮತ್ತೆ ಬರೆಯುತ್ತ ಕುಳಿತನಲ್ಲ, ಅವನ ಕಣ್ಣ ಮುಂದೆ ಇದ್ದುದೂ ಮೂಲವಲ್ಲ, ಕಪ್ಪುಬಿಳಿಯ ಅಚ್ಚಿನ ಪ್ರತಿಗಳು. ಒಂದು ಕಾಗದದ ಚೂರಿನಿಂದ ಅಷ್ಟು ಬೆಳಕು ಹೊರಟಿತು.

ನಮ್ಮ ಸೀಮೆಯ ಮಹತ್ತಾದ ದುಡಿಮೆಗೆ ಅಂಥ ಚಿತ್ರಗಾರನು ದೊರೆಯಲಿಲ್ಲವೆಂಬ ಕೊರಗು ನನಗಿದೆ. ಮುನಿರಾಬಾದಿನ ಬಳಿ ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕಾರ್ಯ 1945ರಲ್ಲಿ ಆರಂಭವಾಗಿ 1953ರಲ್ಲಿ ಕೈಗೂಡಿತು. ಸಿಮೆಂಟನ್ನು ನಂಬದೆ, ಕಲ್ಲು, ಸುಣ್ಣ, ಇಟ್ಟಿಗೆಪುಡಿಯ ಸುರ್ಕಿಗಾರೆಗಳಿಂದ ಎದ್ದ ಕಟ್ಟಡ ಅದು. ಅಂದರೆ ಅಲ್ಲಿಯ ಒಂದೊಂದು ಕಲ್ಲನ್ನೂ ಯಾವನೋ ಒಬ್ಬ ಕಲ್ಲುಕುಟಿಗನು ಕೆತ್ತಿದ್ದಾನೆ, ಯಾವನೋ ಒಬ್ಬ ಗೌಂಡಿ ಕೂರಿಸಿದ್ದಾನೆ, ಯಾವಳೋ ಒಬ್ಬಳು ಗಾರೆಯ ಬುಟ್ಟಿಯನ್ನು ಹೊತ್ತು ಕೊಟ್ಟಿದ್ದಾಳೆ. ಮೂವತ್ತಮೂರು ಕ್ರೆಸ್ಟ್‌ಗೇಟುಗಳಿಂದ ಹಾಲಿನಂತೆ ನೀರು ಧುಮುಕುವ ಚಿತ್ರವನ್ನು ಕಟ್ಟು ಹಾಕಿಸಿ ಇಟ್ಟುಕೊಂಡ ಮನೆಗಳು ನಮ್ಮಲ್ಲಿ ಉಂಟು. ಆ ಬುಟ್ಟಿ ಹೊತ್ತವಳ ಚಿತ್ರವಿರುವ ಮನೆಯನ್ನು ನಾನು ಕಂಡಿಲ್ಲ. ಇಟಗಿಯ ಮಹಾದೇವಾಲಯವನ್ನು 1112ರಲ್ಲಿ ಕಟ್ಟಿಸಿದ ದಂಡನಾಯಕ ಮಹಾದೇವನ ಕೀರ್ತಿ ಶಾಸನದಲ್ಲಿದೆ. ಆ ಕಂಬಗಳನ್ನು ತಿರುಗಣೆಯಲ್ಲಿ ಕಡೆದವನ ತೋಳನ್ನು ನಾವು ಊಹಿಸಿಕೊಳ್ಳಬೇಕು. ಹೊಳೆಯಾಚೆ ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದಲ್ಲಿ ಕತ್ತೆತ್ತಿ ನೋಡಿದರೆ ವಿದ್ಯಾರಣ್ಯರ ಮೆರವಣಿಗೆ ಕಾಣುತ್ತದೆ. ಯಾತ್ರಿಕರು ಪಲ್ಲಕ್ಕಿಯೊಳಗಿನ ಗುರುಗಳನ್ನು ನೋಡುತ್ತಾರೆ, ಅದು ಉಚಿತವೇ. ಆದರೆ ದಂಡಿಗೆಗೆ ಹೆಗಲು ಕೊಟ್ಟು ಹೆಜ್ಜೆ ಹಾಕುತ್ತಿರುವ ಬೋಯಿಗಳನ್ನೂ ಒಂದು ಗಳಿಗೆ ನೋಡಬೇಕೆಂದು ನನ್ನ ವಿಜ್ಞಾಪನೆ. ಅಲ್ಲಿ ಚಿತ್ರಗಾರನು ಅವರನ್ನು ಬಿಟ್ಟಿಲ್ಲ.

ಹಂಪೆಯ ಆ ಚಿತ್ರಗಳನ್ನು ಬರೆದವರು ತಮ್ಮ ಪೂರ್ವಜರೆಂದು ನಂಬುವ ಮನೆತನಗಳು ನಮ್ಮ ಕೊಪ್ಪಳಕ್ಕೆ ಹತ್ತಿರದ ಕಿನ್ನಾಳದಲ್ಲಿ ಇಂದಿಗೂ ಇವೆ. ಕಿನ್ನಾಳದ ಚಿತ್ರಗಾರರ ಕೆಲಸವನ್ನು ಕುಳಿತು ನೋಡುವುದು ಒಂದು ಶಿಕ್ಷಣ. ಹಗುರವಾದ ಮರದಲ್ಲಿ ಅಂಗಾಂಗಗಳನ್ನು ಬೇರೆಬೇರೆಯಾಗಿ ಕೆತ್ತಿ ಜೋಡಿಸುತ್ತಾರೆ. ಗರುಡನಿಗೆ 12 ಭಾಗಗಳು, ಸಿಂಹಾಸನದ ಮೇಲಣ ಗಣಪತಿಗೆ 22. ಸೆಣಬಿನ ಚಿಂದಿಯನ್ನು ನೆನೆಹಾಕಿ, ಸಣ್ಣಗೆ ಕಡಿದು, ಒಣಗಿಸಿ, ಪುಡಿಮಾಡಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದರೆ ಕಿಟ್ಟ ಸಿದ್ಧವಾಗುತ್ತದೆ. ಜೋಡಣೆಯ ಸಂದುಗಳನ್ನೆಲ್ಲ ಆ ಕಿಟ್ಟದಿಂದ ಮುಚ್ಚಿ, ಮೈಗೆಲ್ಲ ಅದನ್ನು ಕೈಯಿಂದಲೇ ಸವರಿ, ಮೇಲೆ ಅರಿವೆಯ ತುಂಡುಗಳನ್ನು ಅಂಟಿಸಿ, ಅದರ ಮೇಲೆ ಕಲ್ಲುಪುಡಿಯ ಲೇಪವನ್ನು ಹಚ್ಚಿ, ಅದು ಒಣಗಿದ ಬಳಿಕವಷ್ಟೇ ಬಣ್ಣದ ಕುಂಚವನ್ನು ಕೈಗೆ ಎತ್ತಿಕೊಳ್ಳುತ್ತಾರೆ. ಇಲ್ಲಿ ನಮ್ಮ ಪ್ರಸ್ತುತಕ್ಕೆ ಮುಖ್ಯವಾದ ಸಂಗತಿಯೊಂದಿದೆ. ಹಿಂದೆ ಕಿನ್ನಾಳದ ಗೊಂಬೆಗಳಲ್ಲಿ ಜನ ಹೆಚ್ಚಾಗಿ ಬಯಸಿ ಕೊಳ್ಳುತ್ತಿದ್ದುದು ನಾನಾ ಕಸುಬಿನವರನ್ನು, ಅವರವರ ಕೆಲಸದಲ್ಲಿ ತೊಡಗಿದ ಭಂಗಿಯಲ್ಲಿ. ಅವುಗಳ ಬೇಡಿಕೆ ಬರಬರುತ್ತ ಕುಗ್ಗಿ, ಈಗ ದೇವತಾಮೂರ್ತಿಗಳೂ ಪ್ರಾಣಿಪಕ್ಷಿಗಳೂ ಮುಂದೆ ನಿಂತಿವೆ. ಅಂದಮೇಲೆ ದುಡಿಮೆಯ ರೂಪವನ್ನು ಮನೆಯೊಳಗೆ ಇಟ್ಟು ನೋಡುವ ಅಭಿರುಚಿಯನ್ನು ನಾವು ಪ್ಯಾರಿಸಿನಿಂದ ಕಲಿಯಬೇಕಾಗಿಲ್ಲ. ಅದು ಈ ನೆಲದಲ್ಲೇ ಇತ್ತು, ಕೊಳ್ಳುವವರಾದ ನಾವೇ ಅದನ್ನು ಕೈಬಿಟ್ಟೆವು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಪರರ ಬೆವರನ್ನು ನಮ್ಮ ಗೋಡೆಯ ಆಭರಣ ಮಾಡಿಕೊಳ್ಳುವುದು ಯಾವ ನ್ಯಾಯ? ಮೆತ್ತನೆಯ ಆಸನದಲ್ಲಿ ಕುಳಿತು ಕಲ್ಲು ಒಡೆಯುವವನ ಚಿತ್ರವನ್ನು ಆಸ್ವಾದಿಸುವುದು ಕ್ರೌರ್ಯವಲ್ಲವೆ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಚಿತ್ರವನ್ನು ಗೋಡೆಗೆ ಹಾಕಿಕೊಂಡ ಮಾತ್ರಕ್ಕೆ ಆಳಿನ ಕೂಲಿಯ ಋಣ ತೀರಿತೆಂದು ಭಾವಿಸುವವನಿಗೆ ಅದು ಬೇಡವೇ ಬೇಡ. ಆದರೆ ಫ್ರಾನ್ಸಿನ ಗುಸ್ತಾವ್ ಕಾಯ್‌ಬೊತ್ 1875ರಲ್ಲಿ ಬರೆದ ಚಿತ್ರವೊಂದನ್ನು ನೋಡಿ. ಶ್ರೀಮಂತರ ಮನೆಯೊಂದರ ಮರದ ನೆಲವನ್ನು ಮೂವರು ಅಂಗಿ ಕಳಚಿ ಮೊಣಕಾಲೂರಿ ಹೆರೆಯುತ್ತಿದ್ದಾರೆ. ಕಿಟಕಿಯ ಬೆಳಕು ಅವರ ಬೆನ್ನಿನ ಮೇಲೆಯೂ ನುಣುಪಾದ ನೆಲದ ಮೇಲೆಯೂ ಒಂದೇ ಸಮನಾಗಿ ಹೊಳೆಯುತ್ತಿದೆ. ಆ ವರ್ಷದ ಅಧಿಕೃತ ಪ್ರದರ್ಶನದವರು ಅದನ್ನು ಒಲ್ಲೆವೆಂದರು. ಮರುವರ್ಷ ಅದು ಇಂಪ್ರೆಶನಿಸ್ಟ್ ಚಿತ್ರಕಾರರ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿತ್ತು. ನಾವು ಕಾಲಿಟ್ಟು ನಡೆಯುವ ನೆಲ ತಾನಾಗಿ ನುಣುಪಾದುದಲ್ಲ ಎಂಬುದನ್ನು ಆ ನೆಲವಿರುವ ಕೋಣೆಯಲ್ಲಿಯೇ ಇಟ್ಟು ತೋರಿಸುವ ಚಿತ್ರ ಅಲಂಕಾರಮಾತ್ರವಲ್ಲ. ಮನೆ ಕಟ್ಟಿದ ಗೌಂಡಿಗೆ ಗೃಹಪ್ರವೇಶದ ದಿನ ಧೋತರ ಉಡಿಸಿ ಮಾನ ಮಾಡುವ ಪದ್ಧತಿ ನಮ್ಮಲ್ಲಿ ಇದೆಯಷ್ಟೆ. ಆ ಮಾನವು ಒಂದು ದಿನಕ್ಕೆ ಮುಗಿಯದೆ ಗೋಡೆಯ ಮೇಲೆ ಉಳಿಯಲಿ ಎಂಬುದು ನನ್ನ ಆಶಯ.

ಇನ್ನು ಕೊಳ್ಳುವವರಿಗೆ ಕೆಲವು ವ್ಯವಹಾರದ ಮಾತುಗಳು. ಅಂಗಡಿಯವರು ಸೋಫಾದ ಅಗಲಕ್ಕೆ ಹೊಂದಿಸುವುದಕ್ಕಾಗಿ ಚಿತ್ರದ ಮೇಲ್ಭಾಗವನ್ನೋ ಅಂಚನ್ನೋ ಕತ್ತರಿಸಿಬಿಡುತ್ತಾರೆ. ಹಕ್ಕಲಾಯುವವರ ಚಿತ್ರದಲ್ಲಿ ದೂರದ ಬಣವೆಯೂ ಕುದುರೆಯ ಸವಾರನೂ ಕತ್ತರಿಯ ಬಾಯಿಗೆ ಹೋದರೆ ಮಿಲೆ ಹೇಳಿದುದರಲ್ಲಿ ಅರ್ಧ ಹೋದಂತೆ. ಹಾಗೆಯೇ ಕಣ್ಣಿಗೆ ಹೊಡೆಯಲೆಂದು ಬಣ್ಣವನ್ನು ಏರಿಸಿ, ಆ ಹೆಂಗಸರ ಮುಖಕ್ಕೂ ಬಿಸಿಲು ಬೀಳಿಸಿದ ಪ್ರತಿಗಳಿವೆ, ಅವನ್ನು ಮುಟ್ಟಬೇಡಿ. ನಮ್ಮ ಬಯಲುಸೀಮೆಯ ಬಿಸಿಲಿಗೆ ಕಾಗದದ ಬಣ್ಣ ಬಹುಬೇಗ ಕಂದುವುದರಿಂದ ಪಡುವಣ ಬಿಸಿಲು ಬೀಳುವ ಗೋಡೆ ತಕ್ಕುದಲ್ಲ. ಮಳೆಗಾಲದಲ್ಲಿ ತೇವ ಏರುವ ಗೋಡೆಯಾದರೆ ಕಟ್ಟಿನ ಹಿಂದೆ ಗಾಳಿಯಾಡುವಷ್ಟು ತೆರವಿರಲಿ. ಚಿತ್ರದ ನಡುಭಾಗವು ನಿಂತವರ ಕಣ್ಣಿನ ಮಟ್ಟಕ್ಕೆ ಬರಬೇಕು; ದೇವರ ಪಟದಂತೆ ಸೂರಿನ ಹತ್ತಿರ ಏರಿಸಿಟ್ಟರೆ ಕೈಬೆರಳಿನ ಕೆಲಸ ಯಾರಿಗೂ ಕಾಣದು. ಮಿಲೆ, ಕೂರ್ಬೆ, ಕಾಯ್‌ಬೊತ್ ಇವರ ಚಿತ್ರಗಳನ್ನು ಅಚ್ಚು ಹಾಕಿಸಿಕೊಳ್ಳಲು ಈಗ ಯಾರ ಅಪ್ಪಣೆಯೂ ಬೇಡ, ಏಕೆಂದರೆ ನಮ್ಮ ದೇಶದ ಕಾನೂನಿನಂತೆ ಕಲಾವಿದನು ತೀರಿಕೊಂಡ 60 ವರ್ಷಗಳ ಮೇಲೆ ಆ ಹಕ್ಕು ಕಳೆಯುತ್ತದೆ. ಆದರೆ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ, ಹಳ್ಳಿಯ ದುಡಿಯುವ ಜನರನ್ನು ಅಕ್ಕರೆಯಿಂದ ಚಿತ್ರಿಸಿದ ಕೆ. ಕೆ. ಹೆಬ್ಬಾರರು ಗತಿಸಿದ್ದು 1996ರಲ್ಲಿ; ಅವರ ಚಿತ್ರವನ್ನು ಒಪ್ಪಿಗೆಯಿಲ್ಲದೆ ಅಚ್ಚು ಹಾಕಿ ಮಾರುವವರಿಂದ ಕೊಂಡರೆ ಕಲಾವಿದನ ದುಡಿಮೆಯನ್ನೇ ಕದ್ದು ತಂದಂತಾಗುತ್ತದೆ.

ಪರದೇಶದ ಅಚ್ಚಿನ ಪ್ರತಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಕಿನ್ನಾಳಕ್ಕೂ ಮುಡಿಪಿಡಬೇಕೆಂದು ಕೇಳಿಕೊಳ್ಳುತ್ತೇನೆ. ಹೋಗುವುದಾದರೆ ಹಬ್ಬದ ಮುಂಚಿನ ವಾರಗಳನ್ನು ಬಿಟ್ಟು ಹೋಗಿ, ಆಗ ಅವರಿಗೆ ಮಣ್ಣಿನ ಮೂರ್ತಿಗಳ ಕೆಲಸ ಕೈತುಂಬ ಇರುತ್ತದೆ. ಗೌಂಡಿಯದೋ, ಹರಿಗೋಲು ಹಾಕುವ ಅಂಬಿಗನದೋ, ನೆಲ್ಲು ಹಚ್ಚುವ ಹೆಣ್ಣುಮಗಳದೋ ಗೊಂಬೆ ಬೇಕೆಂದು ಬಾಯಿಬಿಟ್ಟು ಹೇಳಿ. ಕೇಳುವವರಿಲ್ಲದೆ ಮಾಡುವುದನ್ನು ಬಿಟ್ಟರೇ ಹೊರತು ಬಾರದೆ ಬಿಟ್ಟವರಲ್ಲ. ಕಿಟ್ಟವೂ ಲೇಪವೂ ಒಣಗಲು ಬೇಕಾದಷ್ಟು ದಿನ ಕೊಡಿ. ನೆಲ್ಲು ಹಚ್ಚುವವಳ ಗೊಂಬೆಯಾದರೆ, ಮಾಡುವವರು ಒಮ್ಮೆ ಗಂಗಾವತಿಯ ಗದ್ದೆಗೆ ಹೋಗಿ, ಅವಳು ಸಸಿಯ ಹಿಡಿಯನ್ನು ಯಾವ ಕೈಯಲ್ಲಿ ಹಿಡಿದು ಯಾವ ಬೆರಳಿನಿಂದ ಒತ್ತುತ್ತಾಳೆಂಬುದನ್ನು ಕಣ್ಣಾರೆ ನೋಡಿಕೊಂಡು ಬರಲಿ. ಆ ಹೋಗಿಬರುವ ಬಸ್ಸಿನ ಖರ್ಚನ್ನೂ ಆ ದಿನದ ಕೂಲಿಯನ್ನೂ ಗೊಂಬೆಯ ಬೆಲೆಯೊಡನೆ ಸೇರಿಸಿ ನೀವೇ ಕೊಡಿ.